ಕರುವಿನ ಭೇದಿಯೂ ಕೊರೋನಾ ಎಂಬ ಹೆಸರೂ

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯ ಹೈನುಗಾರ ಮಹಿಳೆಯೊಬ್ಬರು ಬರೆದಿದ್ದಾರೆ: "ಡಾಕ್ಟ್ರೇ, ನಮ್ಮಲ್ಲಿ ಎಚ್‌ಎಫ್ ಮತ್ತು ಜೆರ್ಸಿ ಮಿಶ್ರ ತಳಿಯ ನಾಲ್ಕು ಹಸುಗಳಿವೆ. ಮಳೆ ಹಿಡಿದ ಮೇಲೆ ಮೂರು ಹಸು ಕರು ಹಾಕಿದವು. ಮೊದಲ ಕರು ಎಂಟನೆಯ ದಿನ ಹಳದಿ ನೀರಿನಂತೆ ಭೇದಿ ಶುರುವಾಗಿ ಮೂರು ದಿನಕ್ಕೆ ಸತ್ತಿತು. ಎರಡನೆಯದಕ್ಕೆ ಹನ್ನೊಂದನೆಯ ದಿನ ಬಂತು, ಎರಡೇ ದಿನದಲ್ಲಿ ಹೋಯಿತು. ಮೂರನೆಯದು ಬದುಕಿದೆ, ಆದರೆ ಬಡಕಲಾಗಿದೆ. ಇದಕ್ಕೆ ಮೊದಲು ದೊಡ್ಡ ಹಸುಗಳೂ ಎರಡು ಮೂರು ದಿನ ನೀರಾಗಿ ಸಗಣಿ ಹಾಕಿ ಹಾಲು ಇಳಿಸಿದ್ದವು. ಔಷಧಿ ಅಂಗಡಿಯವರು ಇದು ದನದ ಕೊರೋನಾ ಎಂದು ಮಾತ್ರೆ ಕೊಟ್ಟರು. ಗಿಣ್ಣು ಹಾಲು ಹೆಚ್ಚು ಕುಡಿದದ್ದಕ್ಕೇ ಭೇದಿ ಎಂದು ಅತ್ತೆಯವರು ಹೇಳಿದ್ದರಿಂದ, ಮೊದಲೆರಡು ಕರುಗಳಿಗೆ ಹಾಲು ನಿಲ್ಲಿಸಿ ಬೆಲ್ಲದ ನೀರು, ಗಂಜಿ ಕೊಟ್ಟೆವು. ನನ್ನ ಐದು ವರ್ಷದ ಮಗಳು ಕರುವನ್ನು ಬಿಟ್ಟಿರುವುದಿಲ್ಲ. ಅವಳಿಗೆ ಕೊರೋನಾ ಬರುತ್ತದೆಯೇ? ಪಕ್ಕದ ಮನೆಯ ಹಂದಿಮರಿಗಳಿಗೂ ಭೇದಿ ಇದೆ, ಅದೂ ಇದೇ ರೋಗವೇ? ಹಸುಗಳನ್ನು ಮಾರಿಬಿಡಬೇಕೇ? ನಾಲ್ಕನೆಯದು ಮುಂದಿನ ತಿಂಗಳು ಈಯುತ್ತದೆ."

ಉತ್ತರ: ಒಂದೇ ಮಳೆಗಾಲದಲ್ಲಿ ಎರಡು ಕರುಗಳನ್ನು ಕಳೆದುಕೊಂಡ ಮನೆಯ ನೋವು ನನಗೆ ಅರ್ಥವಾಗುತ್ತದೆ. ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ: ಕರುಗಳನ್ನು ಕೊಂದದ್ದು ಕೊರೋನಾವೇ, ಮಗಳಿಗೆ ಅಪಾಯವಿದೆಯೇ, ಹುಟ್ಟಲಿರುವ ಕರುವನ್ನು ಉಳಿಸಿಕೊಳ್ಳುವುದು ಹೇಗೆ. ಮಗಳ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಆ ಭಯ ತಿಳಿಯಾಗದೆ ಉಳಿದ ಮಾತು ಮನಸ್ಸಿಗೆ ಹಿಡಿಸುವುದಿಲ್ಲ.

ಕೊರೋನಾ ಎಂಬುದು ಒಂದು ರೋಗದ ಹೆಸರಲ್ಲ, ವೈರಾಣುಗಳ ದೊಡ್ಡ ಕುಟುಂಬದ ಹೆಸರು. ಒಂದೇ ಮನೆತನದ ಹೆಸರು ಹೊತ್ತವರೆಲ್ಲ ಒಂದೇ ಮನೆಯಲ್ಲಿ ವಾಸಿಸುವುದಿಲ್ಲ. ಹಾಗೆಯೇ ಈ ಕುಟುಂಬದಲ್ಲಿ ದನದ ಕರುಳಿಗೆ ಹೊಂದಿಕೊಂಡದ್ದು ಬೇರೆ, ಹಂದಿಯದು ಬೇರೆ, ಕೋಳಿಯದು ಬೇರೆ, 2020ರಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಿದ್ದು ಬೇರೆ. ದನದ ಕೊರೋನಾ ವೈರಾಣುವನ್ನು 1970ರ ದಶಕದ ಆರಂಭದಲ್ಲೇ ಅಮೆರಿಕದ ನೆಬ್ರಾಸ್ಕಾದಲ್ಲಿ ಭೇದಿಯಾಗುತ್ತಿದ್ದ ಕರುಗಳಲ್ಲಿ ಗುರುತಿಸಿದ್ದರು, ಅಂದರೆ ಕೋವಿಡ್ ಎಂಬ ಪದ ಹುಟ್ಟುವುದಕ್ಕೆ ಸುಮಾರು ಐವತ್ತು ವರ್ಷ ಮೊದಲು. ಕೋವಿಡ್ ವೈರಾಣುವನ್ನು ಬೇಕೆಂದೇ ದನಗಳ ಮೂಗಿಗೆ ಹಾಕಿ ನೋಡಿದ ಪ್ರಯೋಗಗಳಲ್ಲಿಯೂ ಅದು ದನಗಳಲ್ಲಿ ಸರಿಯಾಗಿ ಬೆಳೆಯಲಿಲ್ಲ. ಆದ್ದರಿಂದ ನಿಮ್ಮ ಕರುವಿಗೆ ಬಂದದ್ದು ಕೋವಿಡ್ ಅಲ್ಲ, ಕರುವಿನಿಂದ ಮಗಳಿಗೆ ಕೋವಿಡ್ ಬರುವ ಪ್ರಶ್ನೆಯೂ ಇಲ್ಲ. 2022ರಲ್ಲಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಪ್ರಾಣಿಗಳಿಗೆಂದು ಸಿದ್ಧಪಡಿಸಿದ ಅನೊಕೋವ್ಯಾಕ್ಸ್ ಲಸಿಕೆಯ ಸುದ್ದಿ ಓದಿದ ಕೆಲವರು ಅದನ್ನು ಕರುಗಳಿಗೆ ಹಾಕಿಸಬಹುದೇ ಎಂದು ನನ್ನನ್ನು ಕೇಳಿದ್ದುಂಟು. ಅದು ಕೋವಿಡ್ ವೈರಾಣುವಿನ ವಿರುದ್ಧದ ಲಸಿಕೆ. ಕರುವಿನ ಭೇದಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗೆಂದು ಮಗಳನ್ನು ಭೇದಿಯಾಗುತ್ತಿರುವ ಕರುವಿನೊಂದಿಗೆ ಆಡಲು ಬಿಡಿ ಎಂದು ನಾನು ಹೇಳುವುದಿಲ್ಲ. ಕರುವಿನ ಭೇದಿಯಲ್ಲಿ ಮನುಷ್ಯರಿಗೆ ನಿಜವಾಗಿ ದಾಟುವ ಜೀವಿಗಳು ಬೇರೆಯೇ ಇವೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ, ಸಾಲ್ಮೊನೆಲ್ಲಾ ಮತ್ತು ಕೆಲವು ಬಗೆಯ ಇ. ಕೋಲೈ ಬ್ಯಾಕ್ಟೀರಿಯಾಗಳು ಚಿಕ್ಕ ಮಕ್ಕಳಲ್ಲಿ ತೀವ್ರ ವಾಂತಿಭೇದಿ ಉಂಟುಮಾಡಬಲ್ಲವು. ಕರು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮಗಳು ದೂರದಿಂದಲೇ ನೋಡಲಿ. ಮುಟ್ಟಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಲಿ. ಸ್ಯಾನಿಟೈಸರ್ ಸಾಕೆಂದು ಭಾವಿಸಬೇಡಿ, ಕ್ರಿಪ್ಟೋಸ್ಪೊರಿಡಿಯಂ ಅದಕ್ಕೆ ಸಾಯುವುದಿಲ್ಲ. ಮನೆಯಲ್ಲಿ ಹಸಿ ಹಾಲು ಕುಡಿಯುವ ರೂಢಿಯಿದ್ದರೆ ಅದನ್ನೂ ಬಿಡಿ.

ಇನ್ನು, ನಿಮ್ಮ ಕೊಟ್ಟಿಗೆಗೆ ಬಂದದ್ದು ದನದ ಕೊರೋನಾವೇ? ಇರಬಹುದು. ಆ ಶಂಕೆಗೆ ಬಲ ಕೊಡುವ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಕರುಗಳಿಗೆ ಕಾಯಿಲೆ ಬರುವ ಮೊದಲು ದೊಡ್ಡ ಹಸುಗಳು ನೀರಾಗಿ ಸಗಣಿ ಹಾಕಿ, ಹಾಲು ಇಳಿಸಿ, ಎರಡು ಮೂರು ದಿನದಲ್ಲಿ ತಾವಾಗಿಯೇ ಸುಧಾರಿಸಿಕೊಂಡವು ಎಂದಿದ್ದೀರಿ. ತಂಪು ಹವೆಯ ದಿನಗಳಲ್ಲಿ ಈ ವೈರಾಣು ದೊಡ್ಡ ದನಗಳಲ್ಲಿ ಇಂಥದೇ ಚಿತ್ರವನ್ನು ಮೂಡಿಸುತ್ತದೆ. ಆರೋಗ್ಯವಾಗಿ ಕಾಣುವ ಹಸುವೂ ಸಗಣಿಯಲ್ಲಿ ಇದನ್ನು ಆಗಾಗ ಹೊರಹಾಕುತ್ತಿರಬಹುದು. ಕರು ಹಾಕುವ ಸಮಯದಲ್ಲಿ ಅದು ಹೆಚ್ಚುತ್ತದೆ. ಆದರೆ ಎಂಟು ಮತ್ತು ಹನ್ನೊಂದನೆಯ ದಿನದ ಹಳದಿ ಭೇದಿಯನ್ನು ಕಣ್ಣಿನಿಂದ ನೋಡಿ ಇದು ಕೊರೋನಾ ಎಂದು ಹೇಳಲು ನನ್ನಿಂದಲೂ ಆಗುವುದಿಲ್ಲ, ಔಷಧಿ ಅಂಗಡಿಯವರಿಂದಲೂ ಆಗುವುದಿಲ್ಲ. ವಯಸ್ಸು ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಹುಟ್ಟಿದ ಮೊದಲ ಮೂರು ನಾಲ್ಕು ದಿನಗಳಲ್ಲಿ ಬರುವ ಭೇದಿಗೆ ಹೆಚ್ಚಾಗಿ ಇ. ಕೋಲೈ ಕಾರಣ. ಮೊದಲ ವಾರದ ಕೊನೆಯಿಂದ ಮೂರನೆಯ ವಾರದವರೆಗೆ ರೋಟಾ ವೈರಾಣು, ಕೊರೋನಾ ವೈರಾಣು, ಕ್ರಿಪ್ಟೋಸ್ಪೊರಿಡಿಯಂ ಮೂರೂ ಬರಬಹುದು, ಎರಡು ಮೂರು ಒಟ್ಟಿಗೆ ಬರುವುದೇ ಹೆಚ್ಚು. ಮೂರು ವಾರ ದಾಟಿದ ಕರುವಿನ ಭೇದಿಯಲ್ಲಿ ರಕ್ತವೂ ಲೋಳೆಯೂ ಕಂಡರೆ ರಕ್ತಭೇದಿಯ ಕಾಕ್ಸಿಡಿಯಾ ಪರಾವಲಂಬಿಯನ್ನು ಶಂಕಿಸಬೇಕು. ಜೇಡಿಮಣ್ಣಿನ ಬಣ್ಣದ ದುರ್ವಾಸನೆಯ ಭೇದಿಯಾದರೆ ದುಂಡುಹುಳುವನ್ನೂ ನೆನೆಯಬೇಕು.

ಖಚಿತವಾಗಿ ತಿಳಿಯಬೇಕೆಂದರೆ ಭೇದಿ ಶುರುವಾದ ಮೊದಲ ಒಂದೆರಡು ದಿನಗಳಲ್ಲಿ, ಯಾವ ಔಷಧಿಯನ್ನೂ ಕೊಡುವ ಮೊದಲು, ಸಗಣಿಯನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತಲುಪಿಸಬೇಕು. ನಿಮ್ಮ ಊರಿನ ಪಶುವೈದ್ಯರ ಮೂಲಕ ಅದನ್ನು ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೋ ಕಳುಹಿಸುವ ದಾರಿಯಿದೆ. ಕೊಟ್ಟಿಗೆಯಲ್ಲಿ ಒಂದರ ಹಿಂದೆ ಒಂದು ಕರು ಸಾಯುತ್ತಿದ್ದರೆ ಆ ಶ್ರಮ ಸಾರ್ಥಕ. ಆದರೆ ವರದಿ ಬರುವವರೆಗೆ ಕರು ಕಾಯುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿಯೇ ಇದೆ: ರೋಟಾ ಆಗಲಿ ಕೊರೋನಾ ಆಗಲಿ, ಕರುವನ್ನು ಕೊಲ್ಲುವುದು ಬಹುಮಟ್ಟಿಗೆ ವೈರಾಣುವಲ್ಲ, ದೇಹದಿಂದ ಹರಿದುಹೋಗುವ ನೀರು, ಲವಣ ಮತ್ತು ಅದರ ಜೊತೆಗೆ ಬೀಳುವ ಹಸಿವು.

ಕರುವಿನ ಸಣ್ಣ ಕರುಳಿನ ಒಳಗೋಡೆಯ ಮೇಲೆ, ಟವೆಲ್ಲಿನ ಎಳೆಗಳಂತೆ, ಹಾಲನ್ನು ಹೀರುವ ಲಕ್ಷಾಂತರ ಸೂಕ್ಷ್ಮ ಬೆರಳುಗಳಿರುತ್ತವೆ. ಕೊರೋನಾ ವೈರಾಣು ಈ ಬೆರಳುಗಳ ತುದಿಯ ಜೀವಕೋಶಗಳನ್ನು ನಾಶಮಾಡಿ ಅವುಗಳನ್ನು ಮೊಟಕಾಗಿಸುತ್ತದೆ. ರೋಟಾಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ದೊಡ್ಡ ಕರುಳನ್ನೂ ಹಾಳುಮಾಡುತ್ತದೆ. ಹಾಗಾಗಿ ಇದರ ಭೇದಿ ಕೆಲವೊಮ್ಮೆ ಹೆಚ್ಚು ದಿನ ಎಳೆಯುತ್ತದೆ. ಹೀರಲಾಗದ ಹಾಲಿನ ಸಕ್ಕರೆ ಕರುಳಿನಲ್ಲೇ ಉಳಿದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಮತ್ತು ರಕ್ತದ ಆಮ್ಲವನ್ನು ಹದದಲ್ಲಿಡುವ ಬೈಕಾರ್ಬನೇಟ್ ಕೂಡ ಹೊರಗೆ ಹೋಗುತ್ತವೆ. ರಕ್ತ ಆಮ್ಲೀಯವಾದ ಕರು ತೂರಾಡುತ್ತದೆ, ಮೊಲೆ ಚೀಪುವುದನ್ನು ಮರೆಯುತ್ತದೆ, ಕಡೆಗೆ ಬಾಯಿ ತಣ್ಣಗಾಗಿ ಮಲಗಿಬಿಡುತ್ತದೆ. ಕರುಳಿನ ಗೋಡೆಯಾದರೋ ಕೆಲವು ದಿನಗಳಲ್ಲಿ ಹೊಸ ಜೀವಕೋಶಗಳನ್ನು ಬೆಳೆಸಿ ತಾನೇ ದುರಸ್ತಿಯಾಗುತ್ತದೆ. ಆ ದಿನಗಳನ್ನು ಕರುವಿಗೆ ದಾಟಿಸುವುದೇ ಚಿಕಿತ್ಸೆ.

ಹಾಲು ನಿಲ್ಲಿಸಿದ್ದಕ್ಕೆ ನಿಮ್ಮ ಅತ್ತೆಯವರನ್ನು ದೂರಬೇಡಿ. ನಾನು ವೃತ್ತಿಗೆ ಬಂದ ಹೊಸತರಲ್ಲಿ ನಮಗೂ ಅದನ್ನೇ ಕಲಿಸಿದ್ದರು: ಭೇದಿಯಾದರೆ ಒಂದೆರಡು ದಿನ ಹಾಲು ಬಿಡಿಸಿ, ಕರುಳಿಗೆ ವಿಶ್ರಾಂತಿ ಕೊಡಿ. ಎಷ್ಟೋ ಮನೆಗಳಲ್ಲಿ ನಾನೇ ಹಾಗೆ ಹೇಳಿ ಬಂದಿದ್ದೇನೆ, ಭೇದಿ ಕಡಿಮೆಯಾದಂತೆ ಕಂಡ ಕರು ಮೂರನೆಯ ದಿನ ಏಳಲಾರದೆ ಹೋದದ್ದನ್ನೂ ನೋಡಿದ್ದೇನೆ. ಹಾಲಿಲ್ಲದ ಕರು ಹೇಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಎಳೆಗರುವಿನ ಮೈಯಲ್ಲಿ ಕೊಬ್ಬಿನ ದಾಸ್ತಾನು ಅತ್ಯಲ್ಪ, ಕಾಲಕೂಟದಂಥ ಮಳೆಗಾಳಿಯಲ್ಲಿ ಮೈ ಬೆಚ್ಚಗಿಡಲು ಬೇಕಾದ ಶಕ್ತಿಯೇ ಅದಕ್ಕೆ ಇಲ್ಲವಾಗುತ್ತದೆ. ಹಾಲು ಮುಂದುವರಿಸಿದ ಕರುಗಳು ತೂಕ ಉಳಿಸಿಕೊಂಡು ಬೇಗ ಚೇತರಿಸುತ್ತವೆ ಎಂಬುದು ಈಗ ಸ್ಪಷ್ಟವಾಗಿದೆ. ಒಮ್ಮೆಲೇ ಹೊಟ್ಟೆ ತುಂಬ ಬಿಡುವ ಬದಲು ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡಿ.

ಬೆಲ್ಲದ ನೀರು ಮತ್ತು ಗಂಜಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನುಷ್ಯರ ಮಕ್ಕಳಿಗೆ ಒಗ್ಗುವ ಈ ಮನೆಮದ್ದು ಎಳೆಗರುವಿಗೆ ಒಗ್ಗುವುದಿಲ್ಲ. ಸಕ್ಕರೆ ಬೆಲ್ಲಗಳನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿ ಇರುವುದೇ ಇಲ್ಲ. ಗಂಜಿಯ ಪಿಷ್ಟವನ್ನು ಅರಗಿಸುವ ಶಕ್ತಿಯೂ ಮೊದಲ ವಾರಗಳಲ್ಲಿ ತೀರಾ ಕಡಿಮೆ. ಅರಗದ ಬೆಲ್ಲ ಕರುಳಿನಲ್ಲಿ ನಿಂತು ಇನ್ನಷ್ಟು ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಕರು ಹೀರಬಲ್ಲ ಸಕ್ಕರೆ ಹಾಲಿನದು ಮತ್ತು ಗ್ಲೂಕೋಸ್ ಮಾತ್ರ. ಆದ್ದರಿಂದ ಪಶುಗಳಿಗೆಂದೇ ಬರುವ ಎಲೆಕ್ಟ್ರೊಲೈಟ್ (ಲವಣಗಳ) ಪುಡಿಯನ್ನು ನೀರಿನಲ್ಲಿ ಕರಗಿಸಿದ ದ್ರಾವಣ ಉತ್ತಮ. ಅದು ಸಿಗದ ರಾತ್ರಿಯಲ್ಲಿ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಉಗುರುಬೆಚ್ಚಗೆ ಕೊಡಬಹುದು.

ಪ್ರಮಾಣದಲ್ಲಿ ನಮ್ಮ ಜನ ಕೈ ಬಿಗಿ ಹಿಡಿಯುತ್ತಾರೆ. ಒಂದು ಲೋಟ ಕುಡಿಸಿ ಕೊಟ್ಟೆವು ಎನ್ನುತ್ತಾರೆ. 30 ಕಿಲೋ ತೂಕದ ಕರುವಿನ ಮೈಯಿಂದ ಶೇ. 8ರಷ್ಟು ನೀರು ಹೋಗಿದ್ದರೆ ಆಗಲೇ 2.4 ಲೀಟರ್ ಸಾಲ ಬಿದ್ದಿದೆ ಎಂದರ್ಥ, ಹೋಗುತ್ತಲೇ ಇರುವುದು ಬೇರೆ. ಅಂಥ ಕರುವಿಗೆ ಹಾಲಲ್ಲದೆ ಒಂದರಿಂದ ಒಂದೂವರೆ ಲೀಟರ್ ದ್ರಾವಣವನ್ನು ದಿನಕ್ಕೆ ಎರಡು ಮೂರು ಬಾರಿ ಕೊಡಬೇಕಾಗುತ್ತದೆ. ಹಾಲಿಗೂ ದ್ರಾವಣಕ್ಕೂ ನಡುವೆ ಎರಡು ಗಂಟೆ ಬಿಡುವಿರಲಿ, ಏಕೆಂದರೆ ದ್ರಾವಣದಲ್ಲಿರುವ ಕೆಲವು ಲವಣಗಳು ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುತ್ತವೆ. ನೀರು ಎಷ್ಟು ಹೋಗಿದೆ ಎಂದು ತಿಳಿಯಲು ಕತ್ತಿನ ಚರ್ಮವನ್ನು ಚಿವುಟಿ ಹಿಡಿದು ಬಿಡಿ: ಕೂಡಲೇ ಮಟ್ಟಸವಾದರೆ ಭಯವಿಲ್ಲ, ಎರಡು ಮೂರು ಸೆಕೆಂಡು ನಿಂತರೆ ಕೊರತೆ ಶುರುವಾಗಿದೆ, ಐದು ಸೆಕೆಂಡು ದಾಟಿದರೆ ಅಥವಾ ಕಣ್ಣುಗುಡ್ಡೆ ಒಳಗಿಳಿದು ಸುತ್ತ ಸಂದು ಕಂಡರೆ ಅದು ತುರ್ತು ಸ್ಥಿತಿ. ಬೆರಳನ್ನು ಬಾಯಲ್ಲಿಟ್ಟಾಗ ಚೀಪದ ಕರುವಿಗೆ, ಬಾಯಿ ತಣ್ಣಗಿರುವ ಕರುವಿಗೆ, ಏಳಲಾಗದ ಕರುವಿಗೆ ಬಾಯಿಂದ ಏನನ್ನೂ ಹುಯ್ಯಬೇಡಿ. ಅದಕ್ಕೆ ರಕ್ತನಾಳದ ಮೂಲಕವೇ ದ್ರವ ಹೋಗಬೇಕು. ಗೊಟ್ಟದಲ್ಲಿ (ಔಷಧಿ ಹುಯ್ಯುವ ಬಿದಿರಿನ ಕೊಳವೆಯಲ್ಲಿ) ತಲೆ ಎತ್ತಿ ಹಿಡಿದು ಹುಯ್ದ ದ್ರವ ಶ್ವಾಸಕೋಶಕ್ಕಿಳಿದು, ಭೇದಿಯಿಂದ ಬದುಕಬಹುದಾಗಿದ್ದ ಕರುಗಳು ನ್ಯುಮೋನಿಯಾದಿಂದ ಸತ್ತದ್ದನ್ನು ನಾನು ಹಲವು ಸಲ ಮರಣೋತ್ತರ ಪರೀಕ್ಷೆಯಲ್ಲಿ ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಅಂಗಡಿಯವರು ಕೊಟ್ಟ ಮಾತ್ರೆ ಆಂಟಿಬಯೋಟಿಕ್ ಆಗಿದ್ದರೆ ಅದು ವೈರಾಣುವಿಗೆ ತಾಗುವುದಿಲ್ಲ. ಬಾಯಿಯ ಮೂಲಕ ಕೊಡುವ ಕೆಲವು ಆಂಟಿಬಯೋಟಿಕ್‌ಗಳು ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ತಾವೇ ಭೇದಿಗೆ ಕಾರಣವಾಗುತ್ತವೆ. ಆದರೂ ಎಂದಿಗೂ ಬೇಡ ಎನ್ನಲಾರೆ. ಭೇದಿಯಲ್ಲಿ ರಕ್ತವಿದ್ದರೆ, ಜ್ವರವಿದ್ದರೆ, ಕರು ಮಂಕಾಗಿ ಹಾಲು ಬಿಟ್ಟು ಮಲಗಿದ್ದರೆ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರುವ ಸಂಭವವಿದೆ. ಆಗ ವೈದ್ಯರು ಚುಚ್ಚುಮದ್ದು ಕೊಡುತ್ತಾರೆ, ಕೊಡಲೇಬೇಕು. ನಿಂತು ಹಾಲು ಚೀಪುತ್ತಿರುವ ಕರುವಿಗೆ ಅದರ ಅಗತ್ಯ ಬಹುತೇಕ ಇರುವುದಿಲ್ಲ. ಮನುಷ್ಯರ ಭೇದಿ ಕಟ್ಟುವ ಮಾತ್ರೆಯನ್ನಂತೂ ಕೊಡಲೇಬೇಡಿ, ಹೊರಹೋಗಬೇಕಾದ ವಿಷ ಒಳಗೇ ಉಳಿಯುತ್ತದೆ.

ಗಿಣ್ಣಿನ ವಿಷಯದಲ್ಲಿ ನಂಬಿಕೆಗೂ ಸತ್ಯಕ್ಕೂ ನಡುವಿನ ಅಂತರ ಬಹಳ ದೊಡ್ಡದು. ಹಸುವಿನ ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಕಣಗಳು ಕರುವಿಗೆ ದಾಟುವುದಿಲ್ಲ. ಕರು ಈ ಲೋಕಕ್ಕೆ ಬರಿಗೈಯಲ್ಲಿ ಬರುತ್ತದೆ. ಅದರ ಮೊದಲ ರಕ್ಷಣೆಯೆಲ್ಲ ಗಿಣ್ಣಿನಲ್ಲಿದೆ. ಆ ಕಣಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಹುಟ್ಟಿದ ಗಳಿಗೆಯಿಂದಲೇ ಮುಚ್ಚತೊಡಗಿ 24 ಗಂಟೆಯೊಳಗೆ ಪೂರ್ತಿ ಮುಚ್ಚಿಬಿಡುತ್ತದೆ. ಕಸ (ಮಾಸು) ಬೀಳುವವರೆಗೆ ಹಾಲು ಕರೆಯಬಾರದು ಎಂದು ಆರೆಂಟು ಗಂಟೆ ಕಾಯುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಆ ಹೊತ್ತಿಗೆ ಬಾಗಿಲು ಸಾಕಷ್ಟು ಮುಚ್ಚಿರುತ್ತದೆ. ಕರು ಚೀಪಿದರೆ ಕಸ ಬೀಳುವುದಕ್ಕೇ ಸಹಾಯವಾಗುತ್ತದೆ, ತೊಂದರೆಯಿಲ್ಲ. ಮೊದಲ ಕರೆಯ ಗಿಣ್ಣನ್ನು ನೆರೆಮನೆಗೆ ಹಂಚುವ ಸಂಪ್ರದಾಯ ಒಳ್ಳೆಯದೇ, ಆದರೆ ಕರುವಿನ ಪಾಲು ಮುಗಿದ ಮೇಲೆ ಹಂಚಿ. ಗಿಣ್ಣು ಕುಡಿದ ಕರುವಿನ ಸಗಣಿ ಒಂದೆರಡು ದಿನ ಮೆತ್ತಗಿರುವುದು ಸಹಜ. ಅದನ್ನು ನೋಡಿಯೇ ಗಿಣ್ಣು ಭೇದಿ ಮಾಡಿಸುತ್ತದೆ ಎಂಬ ಮಾತು ಹುಟ್ಟಿರಬೇಕು. ಮೊದಲ ದಿನ ಮುಗಿದ ಮೇಲೆಯೂ ಎರಡು ವಾರ ದಿನಕ್ಕಿಷ್ಟು ಗಿಣ್ಣು ಬೆರೆಸಿದ ಹಾಲು ಸಿಕ್ಕಿದರೆ, ಅದು ಕರುಳಿನ ಒಳಗೇ ಇದ್ದುಕೊಂಡು ರೋಟಾ, ಕೊರೋನಾ ವೈರಾಣುಗಳನ್ನು ತಡೆಯುತ್ತದೆ.

ಕೊಟ್ಟಿಗೆಯ ವಿಷಯಕ್ಕೆ ಬಂದರೆ, ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ನಿಮ್ಮ ಶಾಂತಳ್ಳಿಯ ಮಳೆಯನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಈ ವೈರಾಣುವಿಗೆ ಕೊಬ್ಬಿನ ಹೊದಿಕೆಯಿದೆ. ಬಿಸಿಲು, ಒಣಹವೆ, ಸೋಪು, ಸುಣ್ಣ, ಬ್ಲೀಚಿಂಗ್ ಪುಡಿ ಇವಕ್ಕೆಲ್ಲ ಸುಲಭವಾಗಿ ಸಾಯುತ್ತದೆ. ಆದರೆ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ತಂಪಿನಲ್ಲಿ, ಸಗಣಿ ಮೆತ್ತಿದ ಒದ್ದೆ ನೆಲದಲ್ಲಿ ದಿನಗಟ್ಟಲೆ ಉಳಿಯುತ್ತದೆ. ತೋಟಕ್ಕೆ ಗೊಬ್ಬರವಾಗಲೆಂದು ಸೊಪ್ಪು, ತರಗೆಲೆಗಳನ್ನು ಪದರದ ಮೇಲೆ ಪದರ ಹಾಸಿ ಮಳೆಗಾಲವಿಡೀ ತೆಗೆಯದೆ ಬಿಡುವ ನಮ್ಮ ಪದ್ಧತಿ ಕಾಫಿಗೆ ಲಾಭ, ಎಳೆಗರುವಿಗೆ ಅಪಾಯ. ಗೊಬ್ಬರವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಕರುವನ್ನು ಆ ಹಾಸಿನಿಂದ ಬೇರೆಮಾಡಿ. ಸೌದೆಕೊಟ್ಟಿಗೆಯ ಒಂದು ಮೂಲೆಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಹಲಗೆ ಹಾಕಿ, ಮೇಲೆ ಒಣಹುಲ್ಲು ಹರಡಿದರೆ ಸಾಕು. ಸುಣ್ಣ ಹಾಕುವ ಮೊದಲು ಸಗಣಿಯನ್ನು ಕೆರೆದು ತೊಳೆಯಿರಿ. ಸಗಣಿಯ ಮೇಲೆ ಚೆಲ್ಲಿದ ಸುಣ್ಣ ಕೆಳಗಿನ ವೈರಾಣುವನ್ನು ಮುಟ್ಟುವುದಿಲ್ಲ. ಕ್ರಿಪ್ಟೋಸ್ಪೊರಿಡಿಯಂ ಸುಣ್ಣಕ್ಕೂ ಬ್ಲೀಚಿಂಗಿಗೂ ಜಗ್ಗದ ಕಾರಣ ಹಲಗೆ, ಬಕೆಟ್ಟುಗಳಿಗೆ ಕುದಿನೀರು ಹುಯ್ದು ಪೂರ್ತಿ ಒಣಗಿಸಿ. ಸತ್ತ ಕರುಗಳನ್ನು ತೋಡಿನ ಬದಿಯಲ್ಲಿ ಬಿಸಾಡದೆ, ನೀರಿನ ಸೆಲೆಯಿಂದ ದೂರದಲ್ಲಿ ಆಳವಾಗಿ ಹೂಳಬೇಕು.

ಹಂದಿಮರಿಗಳ ಭೇದಿ ಬೇರೆ ಲೆಕ್ಕ. ಹಂದಿಗಳಿಗೆ ತಮ್ಮದೇ ಕರುಳಿನ ಕೊರೋನಾ ವೈರಾಣುಗಳಿವೆ, ಅವು ಒಂದು ವಾರದೊಳಗಿನ ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲಬಲ್ಲವು. ದನದ ವೈರಾಣು ಅವುಗಳಿಗೆ ಹೋಗಿ, ಅವುಗಳದು ನಿಮ್ಮ ಕರುವಿಗೆ ಬಂದು ರೋಗ ಹಬ್ಬಿತೆಂದು ನೆರೆಯವರೊಂದಿಗೆ ಮನಸ್ತಾಪ ಮಾಡಿಕೊಳ್ಳಬೇಡಿ. ಆದರೆ ಮರಿಗಳ ಜೊತೆ ದೊಡ್ಡ ಹಂದಿಗಳೂ ಜ್ವರ ಬಂದು ಸಾಯತೊಡಗಿದರೆ ಅದು ಹಂದಿಗಳನ್ನು ಕೊಲ್ಲುವ ಹಂದಿಜ್ವರ (ಸ್ವೈನ್ ಫೀವರ್; ಮನುಷ್ಯರಿಗೆ ಬರುವ ಎಚ್1ಎನ್1 ಅಲ್ಲ) ಇರಬಹುದು. ಆ ಹಂದಿಗಳನ್ನು ಮಾರುವುದಾಗಲಿ ಮಾಂಸ ಮಾಡುವುದಾಗಲಿ ಕೂಡದು, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಲು ಹೇಳಿ.

ಹಸುಗಳನ್ನು ಮಾರಬೇಡಿ. ಸೋಂಕು ಕಂಡು ಚೇತರಿಸಿಕೊಂಡ ಹಸುವಿನ ಗಿಣ್ಣಿನಲ್ಲಿ ಅದೇ ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಇರುತ್ತದೆ. ಅವುಗಳನ್ನು ಮಾರಿ ಸಂತೆಯಿಂದ ಬೇರೆ ತಂದರೆ ಬೇರೆ ಊರಿನ ರೋಗವನ್ನೂ ದುಡ್ಡು ಕೊಟ್ಟು ತಂದಂತಾಗುತ್ತದೆ. ಕೆಲವು ದೇಶಗಳಲ್ಲಿ ರೋಟಾ, ಕೊರೋನಾ, ಇ. ಕೋಲೈ ಮೂರಕ್ಕೂ ಸೇರಿಸಿದ ಲಸಿಕೆಯನ್ನು ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸುವಿಗೆ ಕೊಡುತ್ತಾರೆ. ಅದು ಕೂಡ ಗಿಣ್ಣಿನ ಮೂಲಕವೇ ಕರುವನ್ನು ಮುಟ್ಟುವುದು. ಗಿಣ್ಣು ಕುಡಿಸದ ಮನೆಯಲ್ಲಿ ಆ ಲಸಿಕೆಯೂ ವ್ಯರ್ಥ.

ನಾಲ್ಕನೆಯ ಹಸುವಿಗೆ ಈಗಿನಿಂದಲೇ ಸಿದ್ಧರಾಗಿ. ಈಯುವ ಜಾಗವನ್ನು ಹಳೆಯ ಹಾಸು ತೆಗೆದು ತೊಳೆದು, ಸುಣ್ಣ ಹಾಕಿ, ಒಣಹುಲ್ಲು ಹಾಸಿಡಿ. ಕರು ಬಿದ್ದ ಕೂಡಲೇ ಮೈ ಒರೆಸಿ, ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಕೆಚ್ಚಲು ತೊಳೆದು ಗಿಣ್ಣು ಕರೆಯಿರಿ. ಕರು 25 ಕಿಲೋ ಇದ್ದರೆ ಮೊದಲ ಎರಡು ಗಂಟೆಯೊಳಗೆ ಎರಡೂವರೆ ಲೀಟರ್, ಹನ್ನೆರಡು ಗಂಟೆಯೊಳಗೆ ಇನ್ನೊಂದೂವರೆ ಲೀಟರ್ ಒಳಗೆ ಹೋಗಬೇಕು; ಮೊಲೆಗೆ ಬಿಟ್ಟೆವು ಎಂಬ ಅಂದಾಜು ಸಾಲದು, ಅಳೆದು ಬಾಟಲಿಯಲ್ಲಿ ಕುಡಿಸಿ. ಉಳಿದ ಗಿಣ್ಣನ್ನು ಲೀಟರ್ ಬಾಟಲಿಗಳಲ್ಲಿ ಫ್ರಿಜ್ಜಿನ ಮಂಜುಗಡ್ಡೆಯ ಕೋಣೆಯಲ್ಲಿಡಿ, ಬೇಕಾದಾಗ ಕೈ ತಾಳುವಷ್ಟು ಬಿಸಿನೀರಿನಲ್ಲಿ ಬಾಟಲಿಯನ್ನಿಟ್ಟು ಕರಗಿಸಿ. ಒಲೆಯ ಮೇಲಿಟ್ಟರೆ ಅದು ತಿನ್ನುವ ಗಿಣ್ಣಾಗುತ್ತದೆಯೇ ಹೊರತು ಕರುವಿಗೆ ಉಪಯೋಗವಿಲ್ಲ. ರಾತ್ರಿಯ ಚಳಿಗೆ ಒಣಗಿದ ಗೋಣಿಚೀಲವೊಂದನ್ನು ಬೆನ್ನ ಮೇಲೆ ಹೊದಿಸಿ ಹೊಟ್ಟೆಯ ಕೆಳಗೆ ಕಟ್ಟಿ, ಒದ್ದೆಯಾದರೆ ಬದಲಿಸಿ. ಕೆಲಸದಲ್ಲಿ ಈ ಕರುವಿನ ಸರದಿ ಮೊದಲು, ಬಡಕಲಾಗಿರುವ ಆ ಕರುವಿನದು ಕೊನೆಗೆ ಇರಲಿ, ಬಕೆಟ್ಟೂ ಬೇರೆಯಾಗಿರಲಿ. ಹುಟ್ಟಿದ ಹೊತ್ತು, ಗಿಣ್ಣು ಕುಡಿದ ಹೊತ್ತು ಮತ್ತು ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎಂಟನೆಯ ದಿನವೋ ಹತ್ತನೆಯ ದಿನವೋ ಸಗಣಿ ನೀರಾದರೆ ವೈದ್ಯರು ನಿಮ್ಮನ್ನು ಮೊದಲು ಕೇಳಬೇಕಾದ ಪ್ರಶ್ನೆ ಅದೇ.